ಮಾಲಕರು ಒಳಗ ಕುಂತಾರ

ಹುಗ್ಗಿ ತಳ ಹಿಡಿಯಬಹುದಿತ್ತು. ಪಾತ್ರೆ ಹೊತ್ತ ಟೆಂಪೋ ಸವದತ್ತಿ ಗುಡ್ಡದ ತಿರುವಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಗ್ಯಾಸ್ ಮುಗಿಯಬಹುದಿತ್ತು, ಬಡಿಸುವವರು ಜಗಳ ತೆಗೆದು ಸೌಟು ಬಿಸಾಕಿ ಹೋಗಬಹುದಿತ್ತು, ಬೀಗರ ಎಲೆಗೆ ಬದನೆಕಾಯಿ ಪಲ್ಯ ಮುಟ್ಟದೆ ಮದುವೆಯೇ ಮುರಿದು ಬೀಳಬಹುದಿತ್ತು. ಇದನ್ನೆಲ್ಲ ನಾನು ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಒಂದೂ ಬಿಡದೆ ಕಲ್ಪಿಸಿಕೊಂಡೆ. ಚಿಂತೆ ಮಾಡುವ ಕೆಲಸವನ್ನು ಮಾತ್ರ ನಾನು ಈವರೆಗೆ ಯಾರಿಗೂ ಒಪ್ಪಿಸಿಲ್ಲ.

ಮದುವೆ ಅಡುಗೆಯ ಗುತ್ತಿಗೆ ಹಿಡಿಯುವುದು ನನ್ನ ದಂಧೆ. ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥರಿಗೊಂದು ಶಿಬಿರ ನಡೆದಾಗ ಟೈ ಕಟ್ಟಿದ ಮನುಷ್ಯನೊಬ್ಬ, ಕೆಲಸವನ್ನು ನಂಬಿ ಒಪ್ಪಿಸಿ ದೂರ ನಿಲ್ಲುವವನೇ ನಿಜವಾದ ಮಾಲಕ ಎಂದು ಹೇಳಿದ್ದ. ಉಳಿದವರು ಚಪ್ಪಾಳೆ ತಟ್ಟಿದರು, ನನಗೆ ಬೆವರು ಬಂತು. ಆದರೂ ಎದೆ ಗಟ್ಟಿ ಮಾಡಿ, ರಾಮದುರ್ಗದ ಮದುವೆಯೊಂದನ್ನು ನಮ್ಮ ಹಿರಿಯ ಅಡುಗೆಯವಳಾದ ಗಂಗವ್ವನಿಗೆ ಒಪ್ಪಿಸಿದೆ. ಯಾರೂ ಹೆಸರಿಡದಂತೆ ಊಟ ಮುಗಿದರೆ ಸವದತ್ತಿ ಕಡೆಯ ಕೆಲಸವೆಲ್ಲ ಇನ್ನು ಅವಳದೇ ಎಂದು ಮಾತನ್ನೂ ಕೊಟ್ಟೆ. ಮಂದಿಯ ಒಲೆ ಮುಂದೆ ಅರ್ಧ ಆಯುಷ್ಯ ಕಳೆದವಳಿಗೆ ಅದು ಸಣ್ಣ ಮಾತಲ್ಲ.

ಮದುವೆಯ ದಿನ ಫೋನು ಬರಲೇ ಇಲ್ಲ. ಬೇರೆ ದಿನ ಕೊತ್ತಂಬರಿ ಹೆಚ್ಚುವುದಕ್ಕೂ ನನ್ನ ಅಪ್ಪಣೆ ಬೇಡುವ ಮಂದಿ. ನಾನು ಸತ್ತುಹೋಗಿ, ಸುದ್ದಿ ನನಗೊಬ್ಬನಿಗೇ ಮುಟ್ಟಿಲ್ಲವೋ ಏನೋ ಅನಿಸಿ ಬಸ್ ಹತ್ತಿದೆ.

ಕಲ್ಯಾಣಮಂಟಪದ ಹಿಂಬಾಗಿಲಿನಿಂದ ಹೋದೆ. ಅಡುಗೆಮನೆಯಲ್ಲಿ ಒಂದು ಕೂಗಿಲ್ಲ, ಒಂದು ಬೈಗುಳವಿಲ್ಲ. ಹೊಗೆಯೊಳಗೆ ಕೈಗಳಷ್ಟೇ ಓಡಾಡುತ್ತಿದ್ದವು. ಅಂದಿಗಷ್ಟೇ ಕೂಲಿಗೆ ಬಂದಿದ್ದ ದಪ್ಪ ಮೀಸೆಯವನೊಬ್ಬ ಅಡ್ಡ ನಿಂತ. "ಆ ಕಡೆ ಹೋಗಬ್ಯಾಡ್ರಿ ಕಾಕಾ, ಮಾಲಕರು ಒಳಗ ಕುಂತಾರ."

ಯಾವ ಮಾಲಕರು ಎಂದು ಕೇಳಿದೆ.

"ಬೈಲಹೊಂಗಲದವರ್ರಿ. ಮುಂಜಾನಿಂದ ಯಾಕೋ ಅಲ್ಲಾಡವಲ್ಲರು."

ಉಗ್ರಾಣದ ಅರೆಗತ್ತಲಲ್ಲಿ, ಕುರ್ಚಿಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ನಾನು ಕುಳಿತಿದ್ದೆ. ನನ್ನ ಕರಿ ಕೋಟು, ನನ್ನ ಟೊಪ್ಪಿಗೆ, ಮಗ್ಗುಲಲ್ಲಿ ಹಬೆಯಾಡುವ ಚಹಾ. ಗಂಗವ್ವ ಬಂದು, ಬಾಗಿ, ಏನೋ ಪಿಸುಗುಟ್ಟಿ, ತುಸು ತಡೆದು ತಲೆಯಾಡಿಸಿದಳು. ಹೊರಗೆ ಹೋಗಿ, ಎಲೆ ಹಾಕಬೇಕಂತ, ಮಾಲಕರು ಹೇಳ್ಯಾರ ಎಂದಳು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೆದರಿಕೆಯಾದದ್ದು ಅದಕ್ಕೇ. ಹತ್ತಿರ ಹೋಗಿ ಕೋಟು ಮುಟ್ಟಿದೆ. ಒಳಗೆ ಅಕ್ಕಿ ಚೀಲ.

ಹಿಂದಿರುಗಿದರೆ ಗಂಗವ್ವ ನಿಂತಿದ್ದಳು. ಕೋಟು, ಟೊಪ್ಪಿಗೆ ಎರಡೂ ಪಾತ್ರೆ ಏರಿಸುವಾಗ ನಾನು ಟೆಂಪೋದಲ್ಲಿ ಮರೆತದ್ದಂತೆ.

"ಹೆಣ್ಮಗಳು ಹೇಳಿದ್ರ ಇವರು ಕೇಳೂದಿಲ್ರಿ, ಸಾವಕಾರ್ರ. ನೀವು ಕುಂತೀರಿ ಅಂದ್ರ ಕೇಳತಾರ. ನಮ್ಮ ಹಳೇ ಮಂದಿಗೆ ಚೀಲ ಅಂತ ಗೊತ್ತೈತಿ. ಆದ್ರೂ ಕೇಳತಾರ," ಎಂದಳು. ಆಮೇಲೆ ದನಿ ತಗ್ಗಿಸಿ, "ನೀವೇನೂ ಮುಟ್ಟಬ್ಯಾಡ್ರಿ. ಹೊರಗ ಹೋಗಿ ಊಟ ಮಾಡ್ರಿ."

ಹೊರಟೇಬಿಟ್ಟಿದ್ದೆ. ದಾರಿಯಲ್ಲಿ ಸಾರಿನ ಕೊಪ್ಪರಿಗೆ ಸಿಕ್ಕಿತು. ಕೈ ಸುಮ್ಮನಿರಬೇಕಲ್ಲ? ಮುಚ್ಚಳ ಸರಿಸಿ, ಮೂಸಿ ನೋಡಿ, ನಾಲಿಗೆಗೂ ಮುಟ್ಟಿಸದೆ, ಉಪ್ಪು ಸಾಲದೆಂದು ತೀರ್ಮಾನಿಸಿ ಎರಡು ಬೊಗಸೆ ಸುರಿದೆ.

ಸವದತ್ತಿಯ ಕೆಲಸ ಈಗ ಗಂಗವ್ವನದೇ, ಕೋಟಿನ ಸಮೇತ. ಅಂದು ಕೆಟ್ಟದ್ದು ಆ ಸಾರೊಂದೇ. ಕಡೆಯ ಪಂಕ್ತಿಯಿಂದ ಗಂಡಿನ ಸೋದರಮಾವ ಎದ್ದು ಬಂದು, ಇಷ್ಟು ಉಪ್ಪು ಹಾಕಿದವರು ಯಾರು ಎಂದು ಕೇಳಿದಾಗ, ಅಡುಗೆಮನೆಯವರೆಲ್ಲ ಒಟ್ಟಿಗೆ ಉಗ್ರಾಣದ ಆ ಕುರ್ಚಿಯ ಕಡೆ ತಿರುಗಿದರು. ನಾನೂ ತಿರುಗಿದೆ.