ಅಭಿವೃದ್ಧಿ ಅಳೆಯಲು ಬಂದ ಪ್ರೊಫೆಸರರು

ಓದಿದವರು ಅಳೆಯಲು ಬಂದಾಗಲೆಲ್ಲ ನಮ್ಮ ಸೀಮೆಯ ಜನ ಅವರನ್ನೇ ಅಳೆದು ಕಳಿಸುತ್ತಾರೆ. ಅರವತ್ತರ ದಶಕದಲ್ಲಿ ಗ್ರಾಮಸೇವಕನಾಗಿ ಹಳಿಯಾಳದ ಕಡೆ ಸೈಕಲ್ ತುಳಿಯುತ್ತಿದ್ದಾಗ ಇದನ್ನು ಕಣ್ಣಾರೆ ಕಂಡೆ. ಹೊರದೇಶದ ಪ್ರೊಫೆಸರೊಬ್ಬರು ಬಂದಿದ್ದರು. ಬಡ ದೇಶಗಳು ಯಾವ ಯಾವ ಮೆಟ್ಟಿಲು ಹತ್ತಿ ಮುಂದೆ ಬರುತ್ತವೆ ಅನ್ನುವುದು ಅವರ ಅಧ್ಯಯನ. ನಾಲ್ಕಕ್ಷರ ಇಂಗ್ಲಿಷ್ ಬರುತ್ತಿದ್ದ ತಪ್ಪಿಗೆ ಅವರ ಮಾತನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಗಡಿಯಾರ

"ಹಳ್ಳಿಯವರಿಗೆ ವೇಳೆಯ ಪರಿವೆ ಕಡಿಮೆ. ಕಾರ್ಖಾನೆ ಬಂದ ಮೇಲೆಯೇ ಅದು ಬರುವುದು" ಎಂದು ಮುಂಡಗೋಡ ಕಡೆಯ ಇಂದೂರೆಂಬ ಹಳ್ಳಿಗೆ ಹೋಗುತ್ತ ಜೀಪಿನಲ್ಲಿ ನನಗೆ ವಿವರಿಸಿದರು. ಅಲ್ಲಿನ ರೈತರೊಬ್ಬರಿಗೆ ಎಂಟಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ್ದೆವು. ದಾರಿಯಲ್ಲಿ ಪ್ರೊಫೆಸರರು ಹಕ್ಕಿಗಳ ಫೋಟೋ ತೆಗೆಯುತ್ತ ನಿಂತರು. ಮುಟ್ಟಿದಾಗ ಹನ್ನೊಂದು. ರೈತರು ವಿಭೂತಿ ಹಚ್ಚಿ, ಹೊಸ ರುಮಾಲು ಸುತ್ತಿ ಎಂಟಕ್ಕೇ ಕಟ್ಟೆಯ ಮೇಲೆ ಕುಂತಿದ್ದರಂತೆ. ಸಿಟ್ಟಾಗಲಿಲ್ಲ. ಪ್ರೊಫೆಸರರಿಗೆ ಮಜ್ಜಿಗೆ ಕೊಟ್ಟು, ನನ್ನ ಕಿವಿಯಲ್ಲಿ ಕೇಳಿದರು: "ಪಾಪ, ಸಾಹೇಬ್ರ ದೇಶಕ್ಕ ಇನ್ನೂ ಗಡಿಯಾರ ಬಂದಿಲ್ಲೇನ್ರಿ?"

ಮಂತ್ರಿ

ಹಳಿಯಾಳದ ಹತ್ತಿರ ಸಿದ್ದಿಯರ ಕೇರಿಯಲ್ಲಿ ಭತ್ತ ಕುಟ್ಟುತ್ತಿದ್ದ ಹೆಂಗಸೊಬ್ಬರನ್ನು ಪ್ರೊಫೆಸರರು ಕೇಳಿದರು: "ನಿಮ್ಮನ್ನು ಮಂತ್ರಿ ಮಾಡಿದರೆ ಮೊದಲು ಏನು ಮಾಡುತ್ತೀರಿ?" ಉತ್ತರ ಬಾರದಿದ್ದರೆ 'ರಾಜಕೀಯ ತಿಳಿವಳಿಕೆ ಇಲ್ಲ' ಎಂದು ಬರೆದುಕೊಳ್ಳುವುದು ಅವರ ಪದ್ಧತಿ.

ಆಕೆ ಒನಕೆ ನಿಲ್ಲಿಸಲಿಲ್ಲ. "ಈ ಗ್ರಾಮಸೇವಕರ ಚೀಲಾ ಝಾಡಿಸ್ತೇನಿ. ನಮ್ಮ ಬಾವಿ ಅರ್ಜಿ ಎರಡು ವರ್ಷದಿಂದ ಅದರಾಗ ಐತಿ."

ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ. ಆದರೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಆಕೆಯ ಕಣ್ಣು ನನ್ನ ಮೇಲೇ ಇತ್ತು. ಪ್ರೊಫೆಸರರು ಅಲ್ಲೇ ಅರ್ಜಿ ತೆಗೆಸಿ, ತಾವೇ ಮೇಲಿನ ಸಾಹೇಬರ ಮೇಜಿಗೆ ಮುಟ್ಟಿಸಿದರು. ಬೇಸಗೆಗೆ ಮೊದಲೇ ಬಾವಿಗೆ ನೀರು ಬಿತ್ತು. ಮೊದಲ ಕೊಡ ಎತ್ತಿದ ಆಕೆ ನನ್ನನ್ನು ನೋಡಿ ನಕ್ಕರು: "ಮಂತ್ರಿ ಕೆಲಸ ಭಾಳ ಸರಳ ಐತಿ ಬಿಡ್ರಿ!"

ವಿಮಾನ

ದಾಂಡೇಲಿಯ ಅಂಬೇವಾಡಿಯಲ್ಲಿ ಕೂಲಿಕಾರರನ್ನು ಕೂಡಿಸಿದ್ದೆವು. ದೂರದ ಕಾಗದ ಕಾರ್ಖಾನೆಯ ಚಿಮಣಿಯ ಹೊಗೆ ತೋರಿಸಿ ಪ್ರೊಫೆಸರರು ಹುರುಪಿನಿಂದ ತಮ್ಮ ಸಿದ್ಧಾಂತ ಹೇಳಿದರು: "ದೇಶ ಅಂದರೆ ವಿಮಾನ. ಬಂಡವಾಳ ಅದರ ಎಣ್ಣೆ. ನೆಲದ ಮೇಲೆ ಓಡಿ ಓಡಿ, ವೇಗ ಕೂಡಿದ ಮೇಲೆ ಒಮ್ಮೆಲೆ ಏರುತ್ತದೆ. ನಿಮ್ಮ ದೇಶ ಈಗ ಓಡುತ್ತಿದೆ!" ಎರಡೂ ಕೈ ರೆಕ್ಕೆ ಮಾಡಿ ಓಡಿಯೂ ತೋರಿಸಿದರು. ನಾನು ಅವರ ಹಿಂದೆ ಓಡುತ್ತಲೇ ಕನ್ನಡದಲ್ಲಿ ಹೇಳಿದೆ.

ಎಲ್ಲರೂ ನಕ್ಕರು. ಬಿದಿರು ಹೊರುವ ಹೆಂಗಸೊಬ್ಬರು ಮಾತ್ರ ನಗಲಿಲ್ಲ. "ಏರೂದು ಖರೆ ಇದ್ದೀತ್ರಿ. ಆದ್ರ ಅದು ಏರೂ ಮುಂದ ನಾವು ಒಳಗ ಇರ್ತೇವೋ, ಕೆಳಗ ನಿಂತು ನೋಡ್ತೇವೋ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರರ ರೆಕ್ಕೆ ಇಳಿದವು. ಆಮೇಲೆ ಆಕೆಯ ಮುಂದೆ ಹ್ಯಾಟು ತೆಗೆದು, "ಇಷ್ಟು ವರ್ಷ ಈ ಪಾಠ ಮಾಡಿದೆ. ನನ್ನ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಲಿಲ್ಲ" ಅಂದರು.

ಆಕೆ ಸಮಾಧಾನ ಮಾಡುವವರಂತೆ ಹೇಳಿದರು: "ಅವ್ರು ಹೆಂಗ ಕೇಳ್ಯಾರ್ರಿ? ಎಲ್ಲಾರೂ ಒಳಗ ಕುಂತಾರ."