ಡಬ್ಬದ ಮೇಲಿನ ಎರಡಕ್ಷರ

ಸಾಗರದಲ್ಲಿ ನನ್ನದೊಂದು ಅಕ್ಕಿ ಗಿರಣಿ ಇದೆ. ಇಬ್ಬರು ಓಡಿಸಿ ಬಿಟ್ಟ ಒಂದು ಕಾರೂ ಇದೆ. ಕಾರು ಇಟ್ಟುಕೊಂಡವನು ಅದರಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬವನ್ನೂ ಇಟ್ಟಿರಬೇಕೆಂದು ಎಲ್ಲೋ ಓದಿದೆ. ಓದಿದ್ದನ್ನೆಲ್ಲ ಪಾಲಿಸುವುದು ನನ್ನ ಹಳೆಯ ಕಾಯಿಲೆ.

ಬಿಸ್ಕತ್ತಿನ ತಗಡಿನ ಡಬ್ಬವೊಂದು ಸಿಕ್ಕಿತು. ಹತ್ತಿ, ಟಿಂಚರು, ಕತ್ತರಿ, ನನ್ನ ಹಳೇ ಪಂಚೆ ಹರಿದು ಸುತ್ತಿದ ಪಟ್ಟಿಗಳು, ರಕ್ತ ಹೀರುವ ಇಂಬಳ ಕಚ್ಚಿದರೆ ಹಚ್ಚಲು ಸುಣ್ಣ, ತಿರುವುಗಳಲ್ಲಿ ವಾಂತಿ ಬಂದರೆ ಮೂಸಲು ನಿಂಬೆಹಣ್ಣು, ಗಾಯಕ್ಕೆಂದು ಹೆಂಡತಿ ಗಿರಿಜೆ ಕಾಸಿಟ್ಟ ಎಣ್ಣೆ, ಎಲ್ಲವನ್ನೂ ತುಂಬಿದೆ. ಇನ್ನು ಉಳಿದದ್ದು ಮುಚ್ಚಳದ ಮೇಲೆ ಹೆಸರು.

ಅಕ್ಕಿ ಚೀಲಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಪಳಗಿದ ಕೈ ನನ್ನದು. ಅದೇ ಕುಂಚ ಹಿಡಿದೆ. ಚೀಲದ ಅಳತೆಯ ಅಕ್ಷರಗಳು! ‘ಪ್ರಥಮ ಚಿ’ ಅನ್ನುವಷ್ಟರಲ್ಲಿ ಮುಚ್ಚಳ ಮುಗಿಯಿತು.

“ಪ್ರಥಮ ಛೀಯಾ? ಎರಡನೇ ಛೀ ಯಾರಿಗೆ ಮಾರಾಯ್ರೇ?” ಎಂದಳು ಗಿರಿಜೆ.

ಹಸಿ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. “ಔಷಧಿ ಅಂತ ಬರೀರಿ ಅಪ್ಪಯ್ಯ, ಮೂರೇ ಅಕ್ಷರ,” ಎಂದಳು ಮಗಳು ಸುಮಿತ್ರೆ. ಅಕ್ಕಿ ಚೀಲದ ಮೇಲೆ ‘ಔ’ ಎಲ್ಲಿ ಬರುತ್ತದೆ? ನನಗೆ ಅದರ ಅಭ್ಯಾಸವೇ ಇರಲಿಲ್ಲ. ಇನ್ನೂ ಸುಲಭದ್ದು ಹೊಳೆಯಿತು. ಬರೆದೆ: ‘ಮದ್ದು’. ಮುತ್ತಿನಂಥ ಎರಡಕ್ಷರ!

ಮರುದಿನ ಭಾನುವಾರ. ಸುಮಿತ್ರೆಯನ್ನು ನೋಡಿ ಒಪ್ಪಿ ಹೋಗಿದ್ದ ಹುಡುಗನ ಮನೆ ರಿಪ್ಪನ್‌ಪೇಟೆಯಿಂದ ಆಚೆ. ಹುಡುಗ ಹೈಸ್ಕೂಲು ಮೇಷ್ಟರು. ಹಿಂದೆ ಬಂದ ಸಂಬಂಧಗಳಿಗೆಲ್ಲ ನಮ್ಮ ಹುಡುಗಿ ನೆಲ ನೋಡುತ್ತಾ ನಿಮ್ಮಿಷ್ಟವೆಂಬಂತೆ ತಲೆಯಾಡಿಸಿದ್ದಳು. “ಆಗ್ಲಿ ಅಪ್ಪಯ್ಯ” ಎಂದು ಬಾಯಿಬಿಟ್ಟು ಹೇಳಿದ್ದು ಈ ಒಬ್ಬನಿಗೇ. ಅವರ ಮನೆ ನೋಡಿ ಮಾತು ಮುಗಿಸಿ ಬರಲು ನಾನೂ ಗಿರಿಜೆಯೂ ಹೊರಟೆವು. ಡಬ್ಬವೂ ಹೊರಟಿತು.

ಮನೆ ಚೆನ್ನಾಗಿತ್ತು. ಜನ ಇನ್ನೂ ಚೆನ್ನಾಗಿದ್ದರು. ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು. ಆಗ ಹುಡುಗನ ತಾಯಿ ಮೆಟ್ಟುಗತ್ತಿಯಲ್ಲಿ ಸೌತೆಕಾಯಿ ಹೆಚ್ಚಲು ಹೋಗಿ ಬೆರಳು ಕೊಯ್ದುಕೊಂಡರು. ನನ್ನ ಜನ್ಮ ಸಾರ್ಥಕವಾಯಿತು!

“ಗಾಬರಿ ಬೇಡಿ! ನಮ್ಮ ಹತ್ರ ಮದ್ದಿದೆ!” ಎಂದು ಕಾರಿಗೆ ಓಡಿದೆ. ಡಬ್ಬ ತಂದು ಸೀದಾ ಅಡುಗೆಮನೆಗೆ ನುಗ್ಗಿ ಪಾಯಸದ ಪಾತ್ರೆಯ ಪಕ್ಕದಲ್ಲೇ ಇಟ್ಟೆ.

“ಎಂತ ಬರ್ದಿದಾರೆ ಮಗಾ ಅದ್ರ ಮೇಲೆ?” ಎಂದು ಹುಡುಗನ ಅಜ್ಜಿ ಕೇಳಿದರು. ಹುಡುಗ ಮೇಷ್ಟರಲ್ಲವೇ? ತರಗತಿಗೆಲ್ಲ ಕೇಳುವಂತೆ ಓದಿದ: “ಮದ್ದು.”

ಅಡುಗೆಮನೆಯಲ್ಲಿದ್ದವರೆಲ್ಲ ಡಬ್ಬವನ್ನೇ ದಿಟ್ಟಿಸಿದರು. ನನ್ನ ಮುಂಜಾಗ್ರತೆಗೆ ಬೆರಗಾದರೆಂದುಕೊಂಡು ಎಣ್ಣೆಯ ಸೀಸೆ ಹೊರತೆಗೆದೆ.

“ಇದನ್ನ ಯಾರು ಮಾಡಿದ್ದು?” ಎಂದರು ಅಜ್ಜಿ.

“ನಮ್ಮ ಗಿರಿಜೇನೇ ಅಜ್ಜಿ. ಅವ್ಳಮ್ಮ ಕಲ್ಸಿದ್ದು.”

“ಹೌದಾ... ಮಗಳಿಗೂ ಬರ್ತದಾ?”

“ಬರ್ದೇ ಇರ್ತದಾ! ತಾಯಿಗಿಂತ್ಲೂ ಒಳ್ಳೇ ಕೈ ಅವಳ್ದು!”

ಗಿರಿಜೆ ಹಿಂದಿನಿಂದ ನನ್ನ ಪಂಚೆ ಜಗ್ಗಿದಳು. ಹೊಗಳಿಕೆಗೆ ನಾಚಿಕೊಂಡಳೆಂದು ಇನ್ನೆರಡು ಮಾತು ಸೇರಿಸಿದೆ. ಹುಡುಗನ ತಾಯಿ ಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡರು.

ಊಟಕ್ಕೆ ನಮ್ಮಿಬ್ಬರಿಗೇ ಎಲೆ ಹಾಕಿದರು. “ನಾವು ಆಮೇಲೆ ಉಣ್ತೀವಿ.” ಪಾಯಸ ಬರಲಿಲ್ಲ. “ಹಾಲು ಒಡ್ದು ಹೋಯ್ತು” ಎಂದರು. ಹಿತ್ತಿಲಲ್ಲಿ ಪಾತ್ರೆ ಬಗ್ಗಿಸಿದ ಸದ್ದು ಕೇಳಿತು. ಹೊರಡುವಾಗ, ಗಿರಿಜೆ ಕೊಟ್ಟಿದ್ದ ಚಕ್ಕುಲಿಯ ಗಂಟನ್ನು ಬಿಚ್ಚದೆ ಹಾಗೇ ಕಾರಿನಲ್ಲಿಟ್ಟ ಅಜ್ಜಿ, “ದಾರಿಗಾಗ್ತದೆ” ಎಂದರು.

ರಿಪ್ಪನ್‌ಪೇಟೆ ದಾಟಿದ ಮೇಲೆ ಗಿರಿಜೆ ನನ್ನ ಕಡೆ ತಿರುಗಿದಳು.

“ನಮ್ಮ ಕಡೆ ಮದ್ದು ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ವಾ?” ಎಂದಳು. “ಅನ್ನದಲ್ಲಿ ಕಲ್ಸಿ ಹಾಕಿ, ಆಗದವರನ್ನ ಕೊರಗಿಸಿ ಕೊಲ್ತಾರಲ್ಲ, ಅದೂ ಮದ್ದೇ. ತಾಯಿಯಿಂದ ಮಗಳಿಗೆ ಬರೋ ವಿದ್ಯೆ ಅಂತಾರೆ. ಮದ್ದು ಹಾಕೋ ಮನೆ ಅಂತ ಹೆಸ್ರು ಬಿದ್ದೋರ ಮನೇಲಿ ಜನ ನೀರು ಸಹ ಮುಟ್ಟೋದಿಲ್ಲ. ಬೇರೆಯವರ ಬಗ್ಗೆ ಊರೋರು ಬೆನ್ನ ಹಿಂದೆ ಪಿಸುಗುಟ್ತಾರೆ. ನೀವು ಬೋರ್ಡು ಬರ್ಕೊಂಡೇ ಹೋದ್ರಿ!”

ನಾನು ಗೇರು ಬದಲಿಸಿದೆ. ಬದಲಿಸುವ ಅಗತ್ಯವೇನೂ ಇರಲಿಲ್ಲ.

ಸುಮಿತ್ರೆ ಗೇಟಿನಲ್ಲೇ ನಿಂತಿದ್ದಳು. “ಮನೆ ಚೆನ್ನಾಗಿದೆ ಮಗಾ” ಎಂದೆ. ಅದಂತೂ ಸುಳ್ಳಾಗಿರಲಿಲ್ಲ. ವಾರದೊಳಗೆ ಕಾಗದ ಬಂತು: ಜಾತಕ ಕೂಡಿ ಬರಲಿಲ್ಲವಂತೆ. ಆ ಜಾತಕವನ್ನು ಅವರ ಜೋಯಿಸರೇ ಎರಡು ಸಲ ಕೂಡಿಸಿದ್ದರು! ಹುಡುಗಿ ಕಾಗದ ಓದಿ, ಮಡಿಚಿ, ನನ್ನ ಕೈಗೇ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಡಬ್ಬ ಹಿಡಿದು ಕುಳಿತೆ. ಸೀಮೆಎಣ್ಣೆ ಹಾಕಿ ಉಜ್ಜಿದೆ, ಮರಳು ಹಾಕಿ ಉಜ್ಜಿದೆ. ಒಣಗಿದ ಮೇಲೆ ಈ ಬಣ್ಣ ಏಳೇಳು ಜನ್ಮಕ್ಕೂ ಹೋಗದು ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದವನು ನಾನೇ. ಮಾತು ನಿಜ. ಹೋಗಲಿಲ್ಲ. ತಗಡಿನ ಅಂಚು ಮಾತ್ರ ನನ್ನ ಹೆಬ್ಬೆರಳನ್ನು ಉದ್ದಕ್ಕೂ ಸೀಳಿತು.

“ಸುಮಿತ್ರಾ, ಸ್ವಲ್ಪ ಮದ್ದು...” ಎಂದು ಕೂಗಿ ನಾಲಿಗೆ ಕಚ್ಚಿಕೊಂಡೆ.

ಅವಳು ಬಂದಳು. ಡಬ್ಬ ತೆರೆದು, ಹತ್ತಿಯಲ್ಲಿ ಟಿಂಚರು ಅದ್ದಿ ಬೆರಳಿಗೆ ಒತ್ತಿದಳು. ಮೇಲೆ ನನ್ನದೇ ಹಳೇ ಪಂಚೆಯ ಪಟ್ಟಿ ಸುತ್ತಿದಳು. ನನ್ನ ಮುಖ ನೋಡದೆ ಗಂಟು ಹಾಕುತ್ತಾ ಹೇಳಿದಳು:

“ಔಷಧಿ ಅನ್ನಿ ಅಪ್ಪಯ್ಯ. ಮೂರೇ ಅಕ್ಷರ.”