ಅಕ್ಕನ ಇಮೇಲನ್ನು ಒಳಗೆ ಬಿಟ್ಟುಕೊಳ್ಳುವ ಕುರಿತು

ಇಂದ:
ಲಿಂಡನ್ ಟ್ರಾಸ್ಕ್,
ನಿವೃತ್ತ ದೋಣಿ ಇಂಜಿನ್ ಮೆಕ್ಯಾನಿಕ್,
ಬರ್ನಿ, ಟ್ಯಾಸ್ಮೇನಿಯಾ, ಆಸ್ಟ್ರೇಲಿಯಾ.

ಗೆ:
ಪೋಸ್ಟ್‌ಮಾಸ್ಟರ್ ಅವರು,
ಟ್ರಾಸ್ಕ್ ಖಾಸಗಿ ಮೇಲ್ ಸರ್ವರ್,
ವಾಷಿಂಗ್ ಮೆಷಿನ್ ಪಕ್ಕ, ಮೇಲಿನದೇ ವಿಳಾಸ.
(ಸದರಿ ಹುದ್ದೆಯಲ್ಲಿ ಪ್ರಸ್ತುತ ಅರ್ಜಿದಾರನೇ ಇರುತ್ತಾನೆ.)

ವಿಷಯ: ನನ್ನ ಅಕ್ಕ ಗ್ಲೆನಿಸ್ ಅವರ ಇಮೇಲುಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟುತ್ತಿರುವ ಬಗ್ಗೆ.

ಉಲ್ಲೇಖ: ನಿನ್ನೆ ಪತ್ನಿ ರೇಲೀನ್ ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

೧. ನಮ್ಮ ಪತ್ರಗಳನ್ನು ದೊಡ್ಡ ಕಂಪನಿಗಳು ಇಣುಕಿ ನೋಡಬಾರದೆಂಬ ಕಾರಣಕ್ಕೆ ನಾನೇ ಮನೆಯಲ್ಲಿ ಮೇಲ್ ಸರ್ವರ್ ಸ್ಥಾಪಿಸಿದ್ದು ತಮಗೆ ತಿಳಿದಿದೆ. ರೇಲೀನ್ ಇದಕ್ಕೆ ಸೇರಲು ನಿರಾಕರಿಸಿರುತ್ತಾರೆ.

೨. ಕ್ರಿಸ್‌ಮಸ್ ಊಟಕ್ಕೆ ಅಕ್ಕ ಲಾನ್ಸೆಸ್ಟನ್‌ನಿಂದ ಪಾವ್ಲೋವಾ ಎಂಬ, ಮೊಟ್ಟೆಯ ಬಿಳಿಭಾಗದ ಉಬ್ಬಿದ ಸಿಹಿ ಕೇಕ್ ಮಾಡಿ ತಂದಿದ್ದರು. ಅದು ನಡುವೆ ಕುಸಿದಿದ್ದ ಕಾರಣ, ಪಂಕ್ಚರ್ ಆಗಿದೆಯೆಂದು ನಾನು ತಾಂತ್ರಿಕ ಅಭಿಪ್ರಾಯ ನೀಡಿದೆ. ಆಕೆ ಸಿಟ್ಟಿನಿಂದ ಕಾರು ಹತ್ತಿ, ರಿವರ್ಸ್ ತೆಗೆಯುವಾಗ ನಮ್ಮ ಗೇಟಿನ ಅಂಚೆಪೆಟ್ಟಿಗೆಯನ್ನು ಕೆಡವಿ ಹೊರಟುಹೋದರು. ಕ್ಷಮೆ ಕೇಳಿ ಬರೆಯುತ್ತಾರೆಂದು ಕಾದೆ. ಇಲ್ಲಿಯ ಡಿಸೆಂಬರ್ ಬೇಸಿಗೆ ಕಳೆದು ಚಳಿ ಹಿಡಿಯಿತು, ಪತ್ರ ಬರಲಿಲ್ಲ.

೩. ಸರ್ವರ್ ಸರಿಯಿದೆಯೇ ಎಂದು ತಿಳಿಯಲು ನನಗೆ ನಾನೇ ಹಲವು ಪತ್ರ ಬರೆದುಕೊಂಡೆ. ಎಲ್ಲವೂ ತಲುಪಿದವು. ಸಾಲದೆಂದು, “ಯಾರ ಇಮೇಲ್ ನನಗೆ ತಲುಪುತ್ತಿಲ್ಲವೋ ಅವರು ಕೂಡಲೇ ಇಮೇಲ್ ಮಾಡಿ ತಿಳಿಸತಕ್ಕದ್ದು” ಎಂದು ನೆಂಟರಿಷ್ಟರಿಗೆಲ್ಲ ಸುತ್ತೋಲೆ ಹೊರಡಿಸಿದೆ. ಒಂದು ದೂರೂ ಬರಲಿಲ್ಲ. ಆದ್ದರಿಂದ ದೋಷ ಅಕ್ಕನ ಮನಸ್ಸಿನಲ್ಲಿದೆ ಎಂದು ತೀರ್ಮಾನಿಸಿದೆ.

೪. ನಿನ್ನೆ ಅಕ್ಕ ರೇಲೀನ್‌ಗೆ ಫೋನ್ ಮಾಡಿದ್ದರು. ಫೋನ್ ಇಟ್ಟು ರೇಲೀನ್ ನನ್ನತ್ತ ತಿರುಗಿದರು.

“ಏನಯ್ಯಾ ದೊಡ್ಡ ಮನುಷ್ಯ, ಅವಳು ತಪ್ಪಾಯ್ತು ಅಂತ ಮೂರು ಸಲ ಬರೆದ್ಲಂತೆ. ಮೂರು ಸಲಾನೂ ವಾಪಸ್ ಕಳಿಸಿದೀಯಂತೆ!”

“ನಾನೆಲ್ಲಿ ಕಳಿಸ್ದೆ? ಒಂದೂ ಬಂದೇ ಇಲ್ಲ.”

“ವಾಷಿಂಗ್ ಮೆಷಿನ್ ಪಕ್ಕದ ನಿನ್ನ ಡಬ್ಬ ತಗೊಳ್ಳಲ್ಲ ಅಂತಂತೆ. ಶನಿವಾರ ಅವಳ ಎಪ್ಪತ್ತನೇ ಹುಟ್ಟುಹಬ್ಬ ಕಣಯ್ಯಾ. ನಿನಗೆ ಕುರ್ಚಿ ಹಾಕ್ಬೇಕೋ ಬೇಡ್ವೋ ಅಂತ ಕೇಳ್ತಿದಾಳೆ. ಮೊದ್ಲು ಅದನ್ನ ಸರಿ ಮಾಡು, ಆಮೇಲೆ ಊಟ.”

೫. ಕಾರಣ, ಖಾಲಿ ಹೊಟ್ಟೆಯಲ್ಲಿ ಸರ್ವರಿನ ದಾಖಲೆ ಪರಿಶೀಲಿಸಲಾಯಿತು. ಗುರುತಿಲ್ಲದ ಹೊರಗಿನ ಸರ್ವರ್ ಯಂತ್ರ ಪತ್ರ ತಂದರೆ “ಸ್ವಲ್ಪ ಹೊತ್ತು ಬಿಟ್ಟು ಬನ್ನಿ” ಎನ್ನಬೇಕೆಂಬುದು ತಮ್ಮ ನಿಯಮ. ಕಸದ ಪತ್ರ ಹಂಚುವವರು ಮತ್ತೆ ಬರುವುದಿಲ್ಲ, ಮರ್ಯಾದಸ್ಥರು ಬರುತ್ತಾರೆ ಎಂಬುದು ತಮ್ಮ ನಂಬಿಕೆ. ಆದರೆ ಅಕ್ಕನ ಇಮೇಲ್ ಕಂಪನಿಯಲ್ಲಿ ಯಂತ್ರಗಳು ರಾಶಿ ಇವೆ. ಒಂದನ್ನು ಹಿಂದಕ್ಕೆ ಕಳಿಸಿದರೆ ಮರುಸಲ ಇನ್ನೊಂದು ಬರುತ್ತದೆ. ಅದೂ ತಮಗೆ ಹೊಸಮುಖ, ಅದಕ್ಕೂ ಅದೇ ಉತ್ತರ. ಹೀಗೆ ಅಲೆದಲೆದು ಸುಸ್ತಾಗಿ ಅವು ಪತ್ರವನ್ನು ಅಕ್ಕನಿಗೇ ಮರಳಿಸಿರುತ್ತವೆ.

೬. ಇದನ್ನು ವಿವರಿಸಲು ಅಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ಅದು ತಾಂತ್ರಿಕ ಕಾರಣ...” ಎನ್ನುತ್ತಿದ್ದಂತೆ, “ಲೋ, ನನ್ನ ಪಾವ್ಲೋವಾ ಕುಸಿದಿದ್ದು ಬಾಗಿಲಲ್ಲೇ ನಿನ್ನ ಕಣ್ಣಿಗೆ ಬಿತ್ತು. ನಿನ್ನ ಡಬ್ಬ ಕೆಟ್ಟಿದ್ದು ಇಷ್ಟು ತಿಂಗಳು ಕಾಣ್ಲಿಲ್ವೇನೋ?” ಎಂದು ಫೋನ್ ಇಟ್ಟರು. ಮಾನ್ಯರೇ, ಆಕೆ ಅಳುತ್ತಿದ್ದರು. ನನಗೆ ಬಹಳ ಸಂಕಟವಾಯಿತು.

ಆದ್ದರಿಂದ ತಾವು ದಯಮಾಡಿ,

ಅ) ಅಕ್ಕನ ಪತ್ರವನ್ನು ಯಾವ ಯಂತ್ರ ತಂದರೂ ಕೂಡಲೇ ಒಳಗೆ ಬಿಟ್ಟುಕೊಳ್ಳಬೇಕು.

ಆ) ತಪ್ಪು ಸಂಪೂರ್ಣವಾಗಿ ಸರ್ವರಿನದು, ಅರ್ಜಿದಾರನದಲ್ಲ ಎಂದು ಪ್ರಮಾಣಪತ್ರ ನೀಡಬೇಕು. (“ಅದಕ್ಕೆ ಸಹಿ ಹಾಕೋನೂ ನೀನೇ ತಾನೇ?” ಎಂದು ರೇಲೀನ್ ಆಕ್ಷೇಪಿಸಿದ ಕಾರಣ ಈ ಬೇಡಿಕೆಯನ್ನು ಕೈಬಿಡಲಾಗಿದೆ.)

ಇ) ಶನಿವಾರ ಖುದ್ದಾಗಿ ಲಾನ್ಸೆಸ್ಟನ್‌ಗೆ ಹೋಗಿ ಬರಲು ರಜೆ ಮಂಜೂರು ಮಾಡಬೇಕು.

ಇತಿ,
ತಮ್ಮ ವಿಶ್ವಾಸಿ ಹಾಗೂ ಏಕೈಕ ಗ್ರಾಹಕ,
ಲಿಂಡನ್ ಟ್ರಾಸ್ಕ್

ಲಗತ್ತುಗಳು:
೧) ಸರ್ವರಿನ ದಾಖಲೆಯ ಪ್ರತಿ.
೨) ಅಕ್ಕ ರೇಲೀನ್‌ಗೆ ಫೋನಿನಲ್ಲಿ ಓದಿ ಹೇಳಿದ, ಮೂರನೇ ಪತ್ರದ ಕೊನೆಯ ಸಾಲು: “ಉತ್ತರ ಬರೀದಿದ್ರೂ ಪರವಾಗಿಲ್ಲ, ಬಂದ್ಬಿಡೋ.”

ವಿ.ಸೂ.: ತಪ್ಪಾಯಿತು ಎಂದು ಎದುರು ನಿಂತು ಹೇಳಲು ನಿಗದಿತ ನಮೂನೆ ತಮ್ಮ ಕಚೇರಿಯಲ್ಲಿ ಲಭ್ಯವಿದ್ದಲ್ಲಿ, ಶುಕ್ರವಾರದೊಳಗೆ ಒಂದು ಪ್ರತಿ ಒದಗಿಸಬೇಕಾಗಿ ಕೋರಿಕೆ. ಅರ್ಜಿದಾರನಿಗೆ ಬಾಯಿಪಾಠ ಮಾಡಲು ಒಂದು ದಿನವಾದರೂ ಬೇಕು.